ತಾಯಿಗೆ ಕೊಡಬೇಕಾದ ಕಂಬಳಿ

ಅಕ್ಟೋಬರ್ ೨೬, ಭಾನುವಾರ, ಬೆಳಿಗ್ಗೆ ಹತ್ತೂಮುಕ್ಕಾಲು. ಮಿರಜ ತಾಲೂಕಿನ ಆ ಠಾಣೆಯಲ್ಲಿ ದೀಪಾವಳಿಯ ಬಂದೋಬಸ್ತು ಮುಗಿದು ಅರ್ಧ ಸಿಬ್ಬಂದಿ ರಜೆಯ ಮೇಲಿತ್ತು. ಉಳಿದರ್ಧ ಯಾರದೋ ಮನೆಯಿಂದ ಬಂದ ಚಕ್ಕುಲಿ ಡಬ್ಬಿಯ ಸುತ್ತ ಕೂತಿತ್ತು. ಆಗ ಬಂದ ದೂರು ಒಂದು ಕಂಬಳಿಯದು.

ದೂರು ತಂದವನು ಲಿಂಗನೂರಿನ ಅಮರ. ಕುರಿ ಸಾಕುವವನು, ನಲವತ್ತೈದರ ಆಸುಪಾಸು. ವಾರದ ಹಿಂದೆ ಬೋಳಿಸಿದ ತಲೆಯ ಮೇಲೆ ಕೂದಲು ಮೊಳೆಯತೊಡಗಿತ್ತು.

"ಏನು ಕಳುವಾಗ್ಯದ?" ಎಂದು ಕೇಳಿದಳು ಪಿಎಸ್ಐ ರೂಪಾಲಿ ಮಗದೂಮ.

"ಕಂಬಳಿರಿ ಮ್ಯಾಡಮ್. ಅಪ್ಪಾರು ಸಾಯೋ ಹೊತ್ತಿಗೆ ತಾಯಿಗೆ ಕೊಡ್ರಿ ಅಂದಿದ್ರು. ಅದಕ್ಕ ಅವರ ತಾಯಿ ಗದ್ದಿಗಿ ಮ್ಯಾಲೆ ಹೊಚ್ಚಿದ್ವಿ. ಇವತ್ತ ಮುಂಜಾನೆ ನೋಡಿದ್ರ ಇಲ್ಲ."

ಹೆಡ್ ಕಾನ್‌ಸ್ಟೇಬಲ್ ಮಂಗೇಶ ಚಕ್ಕುಲಿ ಕಡಿಯುವುದನ್ನು ನಿಲ್ಲಿಸಿದ. ಸಾತಾರೆಯ ಕಡೆಯವನು, ಕನ್ನಡ ಅರ್ಧಂಬರ್ಧ. ಒಂದು ಕಂಬಳಿಗೆ ಎಫ್ಐಆರ್ ಯಾಕೆ, ಅರ್ಜಿ ತೆಗೆದುಕೊಂಡು ಕಳಿಸಿದರಾಯಿತು ಎಂದು ಮರಾಠಿಯಲ್ಲಿ ಗೊಣಗಿದ.

"ಬರೀ ಕಂಬಳಿ ಅಲ್ರಿ ಸಾಹೇಬ್ರ," ಅಮರ ದನಿ ತಗ್ಗಿಸಿದ. "ಅಲ್ಲಿ ಕುಂಕುಮದ ಅಕ್ಕಿ ಬಿದ್ದಾವು. ಅಡಿಕಿ ಐತಿ. ಯಾರೋ ಮಾಟ ಮಾಡ್ಯಾರಂತ ಊರಾಗ ಗುಲ್ಲಾಗ್ಯದ. ಇಂಥಾಕಿನ ಮಾಡ್ಯಾಳ ಅಂತ ಹೆಸರೂ ತಗೋಳಾಕತ್ತಾರ."

ರೂಪಾಲಿ ಪೆನ್ನು ಕೈಗೆತ್ತಿಕೊಂಡಳು. ಮನೆಗೆ ಬೀಗ ಹಾಕಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಬೀಗ ಎಳೆದು ನೋಡುವ ಹೆಂಗಸು ಅವಳು. ತಮ್ಮ ಪ್ರಥಮೇಶ ಈ ಚಾಳಿಗೆ ನಗುತ್ತಿದ್ದ. ಕೆಲಸದಲ್ಲಿ ಮಾತ್ರ ಅದೇ ಅವಳನ್ನು ಕಾಯುತ್ತಿತ್ತು. ಊರು ಹೆಸರು ತೆಗೆಯತೊಡಗಿದರೆ ಮುಂದೆ ಕಲ್ಲೂ ತೆಗೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸಮಾಧಿ ಸ್ಥಳದ ಅತಿಕ್ರಮಣ, ಜೊತೆಗೆ ಸಣ್ಣ ಕಳವು ಎಂದು ಎಫ್ಐಆರ್ ದಾಖಲಿಸಿದಳು.

ಲಿಂಗನೂರಿನ ಹೊಲ ತಲುಪಿದಾಗ ಹನ್ನೆರಡೂಕಾಲು. ಜೀಪಿನ ಸದ್ದಿಗೆ ಬದುವಿನಲ್ಲಿದ್ದ ಕುರಿಗಳೆಲ್ಲ ತಲೆಯೆತ್ತಿ ಸಾಲಾಗಿ ನಿಂತವು. ಮುಂದೆ ಒಂದು ದೊಡ್ಡ ಟಗರು, ಎದೆ ಉಬ್ಬಿಸಿಕೊಂಡು.

"ಅಂವ ಸುಬೇದಾರ್ರಿ," ಅಂದ ಅಮರ, ಸಂಕೋಚದಿಂದ. "ಅಪ್ಪಾರು ಎಲ್ಲಾ ಟಗರಿಗೂ ಫೌಜಿನ ಹುದ್ದೆ ಕೊಟ್ಟಿದ್ರು. ಸೀಟಿ ಊದಿದ್ರ ಸಾಲ ಹಿಡೀತಾವು. ನಾನು ಊದಿದ್ರ ಮಾತ್ರ ನನ್ನ ಮುಖ ನೋಡ್ತಾವು, ಅಷ್ಟ. ಅವರು ಹವಾಲ್ದಾರಾಗೇ ರಿಟೈರ್ ಆಗಿದ್ರು. ಟಗರಿಗೆ ತಮಗಿಂತ ದೊಡ್ಡ ಹುದ್ದೆ ಯಾಕ ಅಂತ ಕೇಳಿದ್ರ, 'ಅದು ನನಗಿಂತ ಶಾಣ್ಯಾ ಐತಿ' ಅಂತಿದ್ರು."

ಹೊಲದ ಮೂಲೆಯಲ್ಲಿ ಬೇವಿನ ಮರದ ಕೆಳಗೆ ಎರಡು ಗದ್ದಿಗೆ. ಒಂದು ಹಳೆಯದು, ಕಲ್ಲಿನದು. ಅಮರನ ಅಪ್ಪ ಹವಾಲ್ದಾರ ಧೋಂಡಪ್ಪನ ತಾಯಿ ಹಣಮವ್ವನದು. ಅದರ ಪಕ್ಕದಲ್ಲಿ ಹೊಸ ಮಣ್ಣಿನ ದಿಬ್ಬ. ಎಂಬತ್ತೊಂದು ವರ್ಷ ಬದುಕಿ, ನರಕ ಚತುರ್ದಶಿಯ ಮುಂಜಾನೆ ಎಣ್ಣೆನೀರು ಮಾಡಿಕೊಂಡು, ಕುರಿಗಳ ಹಾಜರಿ ತೆಗೆದುಕೊಂಡು, ಕಟ್ಟೆಯ ಮೇಲೆ ಕೂತಲ್ಲೇ ಕಣ್ಣು ಮುಚ್ಚಿದ ಧೋಂಡಪ್ಪನದೇ.

ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ಮಂಗೇಶ ಸ್ಥಳ ಪಂಚನಾಮೆ ಬರೆಯತೊಡಗಿದ. ಕಲ್ಲಿನ ಗದ್ದಿಗೆಯ ಮೇಲೆ ಕಂಬಳಿ ಇಲ್ಲ. ಕುಂಕುಮ ಬೆರೆಸಿದ ಅಕ್ಕಿ, ಒಂದು ಬೆಟ್ಟಡಿಕೆ, ಚೂರು ಸಕ್ಕರೆಗೆ ಮುತ್ತಿದ ಇರುವೆ, ದೀಪದ ಹತ್ತಿ ಬತ್ತಿಯ ಕರಿ.

ರೂಪಾಲಿ ಕೂತು ನೋಡಿದಳು. ಮತ್ತೊಮ್ಮೆ ನೋಡಿದಳು.

"ಮಂಗೇಶ, ಅಕ್ಕಿ ಬಿದ್ದದ್ದು ಕಲ್ಲಿನ ಗದ್ದಿಗೆಯ ಮೇಲೆ ಅಲ್ಲ. ಹೊಸ ಮಣ್ಣಿನ ತಲೆಯ ಕಡೆ. ಹಾಗೇ ಬರಿ."

ಕಂಬಳಿ ಹೋದದ್ದು ತಾಯಿಯ ಮೇಲಿಂದ, ಕುಂಕುಮ ಬಿದ್ದದ್ದು ಮಗನ ಮೇಲೆ. ಮಾಟ ಮಾಡುವವರು ಸಕ್ಕರೆ ಇಡುವುದಿಲ್ಲ ಎಂದುಕೊಂಡಳು. ಆದರೆ ಗಟ್ಟಿಯಾಗಿ ಹೇಳಲಿಲ್ಲ. ಪೂರ್ತಿ ತಿಳಿಯದ್ದನ್ನು ಹೇಳುವ ಧೈರ್ಯ ಅವಳಿಗೆ ಎಂದೂ ಇರಲಿಲ್ಲ.

ಮನೆಯಲ್ಲಿ ಧೋಂಡಪ್ಪನ ಹೆಂಡತಿ ತುಳಸವ್ವ ಗೋಡೆಗೆ ಒರಗಿ ಕೂತಿದ್ದಳು. ಕೊರಳಲ್ಲಿ ತಾಳಿಯಿದ್ದ ಜಾಗದಲ್ಲಿ ಗಂಡನ ಸೀಟಿಯನ್ನು ದಾರಕ್ಕೆ ಕಟ್ಟಿಕೊಂಡಿದ್ದಳು.

"ಬರ್ರಿ ಬಾಯಾರ, ಕುಂದ್ರಿ. ಕನ್ನಡ ಬರತದೇನು?"

"ನಮ್ಮ ಅಜ್ಜಿ ಸಂಗವ್ವ ಮಾತಾಡೋಳು. ತಿಳೀತದ. ಆಡಲಿಕ್ಕೆ ಸ್ವಲ್ಪ ತಡಾ ಆಗ್ತದ."

"ಇಲ್ಲಿ ಹುಡುಗರದೆಲ್ಲಾ ಅದ ಹಣೇಬಾರ. ಆ ಕಂಬಳಿ ಹೊಸದು ಬಾಯಾರ. ದೀಪಾವಳಿ ಹೊತ್ತಿಗೆ ಬೇಕಂತ ಅವಸರ ಮಾಡಿ ನೇಯಿಸಿದ್ರು. ಕೂತಾವರು ಹಂಗ ವಾಲಿದ್ರು. ನಾ ಹಿಡಕೊಂಡೆ. ಕಂಬಳಿ ಕಡೆ ಬಟ್ಟ ಮಾಡಿ 'ತಾಯಿಗೆ ಕೊಡ್ರಿ' ಅಂದ್ರು. ಅಷ್ಟ. ಗುರುವಾರ ಹನ್ನೊಂದರ ದಿನಾ ಮಾಡೋದೈತಿ. ಕಡೀ ಮಾತೊಂದ ನಡಸಲಿಲ್ಲ ಅಂತ ಅವರು ಹೊಸ್ತಲಾಗ ನಿಂತಾಂಗ ಆಗತದ ನನಗ."

"ನಿಮ್ಮವರಿಗೆ ಆಗದವರು ಯಾರಾದರೂ?"

"ಯಾರಿಲ್ರಿ. ರಾತ್ರಿ ನಿದ್ದಿ ಇಲ್ಲ ಅನ್ನೋದ ಒಂದ ಬ್ಯಾನಿ. ಯುದ್ಧದಿಂದ ಬಂದ ಮ್ಯಾಲೆ ಗೋಡಿಗಾತು ಕೂತ ಬೆಳಗ ಮಾಡೋರು. ಕುರಿ ಕಾಯತೇನಿ ಅನ್ನೋರು. ನಲವತ್ತ ವರ್ಷದಿಂದ ಶುಕ್ರವಾರಕ್ಕೊಮ್ಮೆ ದೇವಿ ಗುಡಿಗೆ ಹೋಗಿ ಬಂದಾಗ ಮಾತ್ರ ಮುಖ ತೊಳದಾಂಗ ಕಾಣತಿತ್ತು."

"ಯಾವ ಗುಡಿ?"

"ಮಿರಜದಾಗಿಂದು. 'ತಾಯಿ ಕಡೆ ಹೋಗಿ ಬರತೇನಿ' ಅಂತ ಹೇಳಿ ಹೋಗೋರು. ಪ್ರಸಾದ ತರೋರು, ಶೇಂಗಾ ಉಂಡಿ."

ತಿರುಗಿ ಹೋಗುವಾಗ ಜೀಪಿನಲ್ಲಿ ಮಂಗೇಶ ಕೇಳಿದ, "ಮ್ಯಾಡಮ್, ಅವರ ತಾಈ ಎಲ್ಲಿರುತ್ತಾರೆ? ಅವರ ಹೇಳಿಕೆ, ಜಬಾಬೂ ತೆಗೆದುಕೊಳ್ಳಬೇಕಲ್ಲ?"

ರೂಪಾಲಿ ನಕ್ಕುಬಿಟ್ಟಳು. "ಅದು ನಿಮ್ಮ ಮರಾಠಿ ತಾಈ ಅಲ್ಲ ಮಂಗೇಶ, ಅಕ್ಕ ಅಲ್ಲ. ಕನ್ನಡದಲ್ಲಿ ತಾಯಿ ಅಂದರೆ ಹೆತ್ತವಳು. ಈಗಷ್ಟೇ ಅವಳ ಗದ್ದಿಗೆ ಪಂಚನಾಮೆ ಮಾಡಿ ಬಂದೆ ನೀನು."

"ಅಯ್ಯೋ," ಎಂದು ಮಂಗೇಶ ಕಾಗದ ತಿರುವಿದ. "ನಾನು ಜಬಾಬಿನಲ್ಲಿ ಅಕ್ಕ ಅಂತಲೇ ಬರೆದಿದ್ದೇನೆ."

"ತಿದ್ದಿಬಿಡು."

ಸೋಮವಾರ ಬೆಳಿಗ್ಗೆ ಧೋಂಡಪ್ಪನ ಕಂಬಳಿ ನೇಯ್ದ ಧೋಂಡಿಬಾನ ಜಬಾಬು. ಕಳವಾದ ವಸ್ತುವಿನ ಗುರುತು ಬೇಕಿತ್ತು. ಧೋಂಡಿಬಾ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಮಾತಾಡಿದ.

"ಗುರುತು? ನೂರು ಕಂಬಳಿಯೊಳಗ ಹಿಡೀತೇನಿ. ಅಂಚಿಗೆ ಕೆಂಪು ದಾರ ಹಾಕಿಸ್ಯಾನ, ಹುಚ್ಚಪ್ಪ. ಉಣ್ಣಿ ಕಂಬಳಿಗೆ ಗಿರಣಿ ನೂಲು! ನಮ್ಮಪ್ಪ ಇದ್ದಿದ್ರ ಮಗ್ಗ ಮುರೀತಿದ್ದ. ನಾ ಒಲ್ಲೆ ಅಂದೆ. 'ದೋಸ್ತಾ, ತಾಯಿ ಕೊಟ್ಟ ನೂಲು' ಅಂದ. ನಿಮ್ಮವ್ವ ಸತ್ತು ಯಾವ ಕಾಲಾತು, ಯಾವಾಗ ಕೊಟ್ಲೋ ಅಂದ್ರ ನಕ್ಕ. ಅವನ ನಗಿ ಮುಂದ ಜಗಳ ನಡೀತಿದ್ದಿಲ್ಲ."

ಉಳಿದಿದ್ದ ನೂಲಿನ ಸಣ್ಣ ಲಡಿಯನ್ನು ಗೂಡಿನಿಂದ ತೆಗೆದು ಕೊಟ್ಟ. ಹಳೆಯ ಹತ್ತಿ ನೂಲು, ಮುಟ್ಟಿದರೆ ನುಣ್ಣಗೆ. ರೂಪಾಲಿ ಅದನ್ನು ಲಕೋಟೆಗೆ ಹಾಕಿ ಪಂಚರ ಸಹಿ ಮಾಡಿಸಿದಳು.

"ನಿಮ್ಮ ದೋಸ್ತಿ ಎಷ್ಟ ವರ್ಷದ್ದು?"

"ಇಬ್ಬರೂ ಕೂಡೇ ಕುರಿ ಕಾದವರು. ಅಂವ ಬೆಳಗಾವಿಗೆ ಓಡಿಹೋಗಿ ಫೌಜಿಗೆ ಸೇರಿದ. ನನ್ನನ್ನೂ ಕರದಿದ್ದ, ಎದೀ ಅಳತಿ ಕಡಿಮಿ ಬಂತು ಅಂತ ನನ್ನ ತಿರುಗಿ ಕಳಸಿದ್ರು. ಎಪ್ಪತ್ತೊಂದರ ಯುದ್ಧ ಮುಗಿಸಿ ಬಂದಾಗ ಊರೆಲ್ಲಾ ಹಾರ ಹಾಕಿತು. ಅಂವ ನನ್ನ ಕಡೆ ಬಂದು, 'ದೋಸ್ತಾ, ನನ್ನ ಸಲುವಾಗಿ ಒಂದ ತಾಸು ಎಚ್ಚರಿರತಿಯೇನು, ಮಲಗತೇನಿ' ಅಂದ. ಚಾಷ್ಟಿ ಅಂತ ತಿಳದೆ. ಮನೀಗಿ ಹೋಗಿ ಮಲಕ್ಕೋ ಹೋಗಲೇ ಅಂದೆ." ಧೋಂಡಿಬಾ ಲಾಳಿ ಎಸೆದ; ಅದು ಗುರಿ ತಪ್ಪಿ ಕೆಳಗೆ ಬಿತ್ತು. "ಆಮ್ಯಾಲೆ ಎಂದೂ ಕೇಳಲಿಲ್ಲ."

ಮಧ್ಯಾಹ್ನ ಮಿರಜದ ದೇವಿಯ ಗುಡಿ. ಪೂಜಾರಿ ಧೋಂಡಪ್ಪನ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಶುಕ್ರವಾರದ ಭಕ್ತರೆಲ್ಲ ತಮಗೆ ಗೊತ್ತು, ಇಂಥ ಮೀಸೆಯ ಮನುಷ್ಯ ಬಂದೇ ಇಲ್ಲ, ಶೇಂಗಾ ಉಂಡಿ ಇಲ್ಲಿಯ ಪ್ರಸಾದವೂ ಅಲ್ಲ ಎಂದರು.

ಹೊರಗೆ ಬಂದ ರೂಪಾಲಿ ಚಪ್ಪಲಿ ಹಾಕಿಕೊಳ್ಳುವುದನ್ನೇ ಮರೆತು ನಿಂತಳು. ಸುಮಾರು ನಲವತ್ತು ವರ್ಷ ಪ್ರತಿ ಶುಕ್ರವಾರ ಆ ಮನುಷ್ಯ ಎಲ್ಲಿಗೆ ಹೋಗುತ್ತಿದ್ದ?

ಮಂಗೇಶ ಹಲ್ಲು ಕಿರಿದ. "ಮ್ಯಾಡಮ್, ಫೌಜಿ ಮನುಷ್ಯ. ಎಲ್ಲೋ ಒಂದು ಕಡೆ..."

"ಸುಮ್ಮನಿರು."

ಅವಳಿಗೂ ಅದೇ ಹೊಳೆದಿತ್ತು, ಅದಕ್ಕೇ ಸಿಟ್ಟು. ಕೇಳದೆ ಬಿಟ್ಟರೆ ತನಿಖೆ ಕುಂಟುತ್ತದೆ. ಕೇಳಿದರೆ, ಕೊರಳಿಗೆ ಸೀಟಿ ಕಟ್ಟಿಕೊಂಡು ಕೂತವಳ ಎದೆಗೆ ಬೀಳುತ್ತದೆ. ಲಿಂಗನೂರಿಗೆ ಹೋಗುವ ದಾರಿಯುದ್ದಕ್ಕೂ ಪ್ರಶ್ನೆಯನ್ನು ಮಗ್ಗುಲು ಬದಲಿಸಿ ಬದಲಿಸಿ ನೋಡಿದಳು. ತುಳಸವ್ವ ಅಷ್ಟನ್ನು ಕೇಳಲು ಬಿಡಲೇ ಇಲ್ಲ.

"ಗುಡಿಗೆ ಹೋಗತಿದ್ದಿಲ್ಲ, ಹೌದಲ್ರಿ?" ಎಂದಳು ತಾನೇ.

"ಹೌದ್ರಿ ಅವ್ವಾರ."

ತುಳಸವ್ವ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ನೀವು ಹುಡುಕೋದು ಕಂಬಳೀನಲ್ಲ ಬಾಯಾರ? ಮನಶ್ಯಾನ್ನ ಅಲ್ಲಲ್ಲ?"

ರೂಪಾಲಿ ನೋಟ್‌ಬುಕ್ ಮುಚ್ಚಿದಳು.

"ಐವತ್ತೆರಡ ವರ್ಷ ಬಾಳೇವು ಮಾಡೀನಿ. ಒಂದ ಸುಳ್ಳ ಹೇಳಿದ್ದ ಕೇಳಿಲ್ಲ. ಈಗ ನೀವು ಏನರೇ ತಂದು ನನ್ನ ಮುಂದ ಇಟ್ರ, ಅದನ್ನ ಸುಳ್ಳ ಮಾಡಾಕ ಅವರಿಲ್ಲ." ಮುಷ್ಟಿ ಬಿಚ್ಚಿ ಹೇಳಿದಳು, "ಹುಡುಕ್ರಿ. ಸಿಕ್ಕದ್ದು ಏನ ಇರಲಿ, ಮೊದಲ ನನಗ ಹೇಳ್ರಿ. ಊರಿಗಿ ಅಲ್ಲ, ಮಗಗೂ ಅಲ್ಲ."

"ನಿಮಗೇ ಮೊದಲು ಹೇಳ್ತೀನಿ."

ಹೊರಡುವಾಗ ಅಮರನನ್ನು ಒಂದೇ ಮಾತು ಕೇಳಿದಳು, "ನಿಮ್ಮಪ್ಪ ಯಾವುದಾದರೂ ಗಿರಣಿಯಲ್ಲಿ ಇದ್ದರಾ?"

"ಹೌದ್ರಿ. ಫೌಜಿಂದ ಬಂದ ಮ್ಯಾಲೆ ಮಾಧವನಗರದಾಗ ಬಟ್ಟಿ ಗಿರಣಿ ಗೇಟಿನ್ಯಾಗ ವಾಚಮನ್ ಇದ್ರು. ಗಿರಣಿ ಬಂದ್ ಆತು, ಮನೀಗಿ ಬಂದ್ರು."

ಅಕ್ಟೋಬರ್ ೨೮, ಮಂಗಳವಾರ, ಮಧ್ಯಾಹ್ನ ಎರಡೂವರೆ. ಮಾಧವನಗರದ ರಿಕ್ಷಾ ಸ್ಟ್ಯಾಂಡ್. ಸಾಂಗ್ಲಿಯಿಂದ ಶೇರ್ ರಿಕ್ಷಾ ಓಡಿಸುವ ಓಂಪ್ರಕಾಶ ಫೋಟೋ ನೋಡಿದ ಕೂಡಲೇ ಹಣೆಗೆ ಕೈ ಹಚ್ಚಿ ಸಲ್ಯೂಟ್ ಹೊಡೆದ.

"ಫೌಜಿ ಕಾಕಾ! ಶುಕ್ರವಾರದ ಗಿರಾಕಿ. ಹೋದ ಶುಕ್ರವಾರ ಕಾಣಲಿಲ್ಲ. ಆರಾಮ ಇದ್ದಾರಲ್ಲ?"

ರೂಪಾಲಿ ಇಲ್ಲವೆಂದು ತಲೆಯಾಡಿಸಿದಳು. ಓಂಪ್ರಕಾಶ ರಿಕ್ಷಾದ ಟೇಪು ಬಂದ್ ಮಾಡಿದ.

"ಎಲ್ಲಿ ಇಳೀತಿದ್ದರು?"

"ಹಳೇ ಗಿರಣಿ ಚಾಳಿನ ಮುಂದೆ, ಕೆಲಸಗಾರರ ಮನೆಗಳ ಸಾಲು. ಹತ್ತಿದ ಕೂಡಲೇ 'ಚಲ ರೇ, ತಾಈಕಡೆ' ಅನ್ನೋರು."

"ಯಾರ ತಾಯಿ? ಅವರ ತಾಯಿ ಲಿಂಗನೂರಲ್ಲಿ..." ಮಾತು ಅರ್ಧಕ್ಕೇ ನಿಂತಿತು.

"ಆಈ ಅಲ್ಲ ಮ್ಯಾಡಮ್, ಹೆತ್ತವಳಲ್ಲ. ತಾಈ. ಅಕ್ಕ. ಸುನಂದಾತಾಈ. ಗಿರಣಿಯಲ್ಲಿ ನೂಲು ಸುತ್ತುವ ಖಾತೆಯಲ್ಲಿದ್ದರಲ್ಲ, ಅವರು."

ಕುಂಕುಮದ ಅಕ್ಕಿ, ಬೆಟ್ಟಡಿಕೆ, ಸಕ್ಕರೆ, ಹತ್ತಿಯ ಬತ್ತಿ. ದೀಪಾವಳಿ ಮುಗಿಯುವ ಹೊತ್ತಿಗೆ ಬರುವ ಭಾವುಬೀಜದ ದಿನ ಪ್ರತಿ ಅಕ್ಕ, ಪ್ರತಿ ತಂಗಿ ತಟ್ಟೆಯಲ್ಲಿ ಇಡುವುದು ಇದನ್ನೇ. ಆರತಿ ಎತ್ತಿಸಿಕೊಂಡ ಅಣ್ಣತಮ್ಮಂದಿರು ತಟ್ಟೆಯಲ್ಲಿ ಕೊಡುಗೆ ಇಡಬೇಕು. ಈ ಸಲ ಬಂದೋಬಸ್ತಿನ ನೆಪದಲ್ಲಿ ಅವಳು ಪ್ರಥಮೇಶನಿಗೆ ಆರತಿ ಎತ್ತಿರಲಿಲ್ಲ. ಅದಕ್ಕೇ ಇರಬೇಕು, ಕಣ್ಣೆದುರು ಬಿದ್ದಿದ್ದರೂ ಕಂಡಿರಲಿಲ್ಲ.

"ಮಂಗೇಶ, ಜಬಾಬು ತಿದ್ದಿದೆಯಾ?"

"ಇಲ್ಲ ಮ್ಯಾಡಮ್, ಸಾಯಂಕಾಲ ತಿದ್ದೋಣ ಅಂತ..."

"ತಿದ್ದಬೇಡ. ಊರಿಗೆ ಊರೇ ತಪ್ಪು ಕೇಳಿಸಿಕೊಂಡಿತ್ತು. ನೀನೊಬ್ಬ ಸರಿ ಬರೆದಿದ್ದೆ."

ಚಾಳಿನ ಕಡೆಯ ಖೋಲಿ. ಬಾಗಿಲಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬಳು ಮೊರದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಒಳಗೆ ಮಂಚದ ಮೇಲೆ ಕರಿಯ ಕಂಬಳಿ, ಅಂಚು ಮೇಲೆ ಬರುವಂತೆ ಮಡಿಸಿಟ್ಟಿತ್ತು. ಕೆಂಪು ಅಂಚು.

ಸಮವಸ್ತ್ರ ಕಂಡು ಅವಳು ಗಾಬರಿಯಾಗಲಿಲ್ಲ. "ಬರ್ರಿ, ಕುಂದ್ರಿ," ಎಂದಳು ಕನ್ನಡದಲ್ಲಿ. ಆಮೇಲೆ ಮರಾಠಿಗೆ ಹೊರಳಿದಳು. "ಇಷ್ಟೇ ಬರುವುದು ನನಗೆ. ಅವನು ಕಲಿಸಿದ್ದು. ಕಂಬಳಿಗೆ ಬಂದಿರಲ್ಲವೇ?"

"ನೀವು ತಂದಿರಾ?"

"ಹೌದು."

"ಯಾವಾಗ?"

"ಶನಿವಾರ. ಭಾವುಬೀಜದ ದಿನ ತಟ್ಟೆ ಹಚ್ಚಿಕೊಂಡು ಸಂಜೆತನಕ ಕೂತಿದ್ದೆ. ಬರಲಿಲ್ಲ. ಮರುದಿನ ಶುಕ್ರವಾರ, ಆಗಲೂ ಇಲ್ಲ. ಶನಿವಾರ ಎಸ್‌ಟಿ ಬಸ್ಸು ಹತ್ತಿ ಲಿಂಗನೂರಿಗೆ ಹೋದೆ. ಸ್ಟ್ಯಾಂಡಿನಲ್ಲಿ ಫೌಜಿ ಮನೆ ಯಾವುದು ಅಂತ ಕೇಳಿದರೆ, ಫೌಜಿ ಹೋಗಿ ಐದು ದಿನ ಆಯಿತು, ಹೊಲದಲ್ಲಿದ್ದಾನೆ ಅಂದರು." ಅವಳ ಬೆರಳು ಸುಲಿದ ಕಾಳನ್ನೇ ಮತ್ತೆ ಸುಲಿಯುತ್ತಿತ್ತು. "ತಟ್ಟೆ ಚೀಲದಲ್ಲೇ ಇತ್ತು. ಅಲ್ಲೇ ಆರತಿ ಎತ್ತಿದೆ. ಪಕ್ಕದ ಕಲ್ಲಿನ ಮೇಲೆ ಕಂಬಳಿ. ಅಂಚು ನೋಡಿದೆ. ಗಿರಣಿ ಮುಚ್ಚಿದ ದಿನ ನನ್ನ ರಾಟಿಯ ಮೇಲೆ ಉಳಿದ ನೂಲು ಅದು. ನಾನೇ ಕೊಟ್ಟಿದ್ದು. ಮೊಣಕಾಲು ನೋವು, ಈ ವರ್ಷ ನನಗೊಂದು ಕಂಬಳಿ ಹಾಕೋ ಅಂದಿದ್ದೆ. ಅಷ್ಟು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಇಬ್ಬನಿಗೆ ತೊಯ್ದು ಬಿದ್ದಿತ್ತು."

"ಮನೆಯವರನ್ನು ಕೇಳಬಹುದಿತ್ತಲ್ಲ?"

"ಯಾರು ಅಂತ ಹೇಳಿ ಕೇಳಲಿ?" ಸುನಂದಾಬಾಯಿ ಮೊದಲ ಸಲ ತಲೆಯೆತ್ತಿದಳು. "ರಕ್ತದವಳಲ್ಲ, ಜಾತಿಯವಳಲ್ಲ, ಭಾಷೆಯವಳೂ ಅಲ್ಲ. ಗಿರಣಿ ಚಾಳಿನ ಹೆಂಗಸು ಸಾವಿನ ಮನೆಗೆ ಬಂದು ನಾನು ತಾಈ ಅಂದರೆ ಊರು ಏನನ್ನುತ್ತಿತ್ತು? ಅವನ ಹೆಂಡತಿ, ನನ್ನ ವಹಿನಿ, ಆ ಮಾತು ಹೊತ್ತುಕೊಂಡು ಬಾಳಬೇಕಿತ್ತು."

ಗಂಟೆ ಮೂರೂವರೆ. ಮುಂದಿನದನ್ನು ರೂಪಾಲಿ ಬರೆದುಕೊಳ್ಳದೆ ಕೇಳಿದಳು. ನಲವತ್ತು ವರ್ಷದ ಹಿಂದಿನ ಒಂದು ಭಾವುಬೀಜ. ಸುನಂದಾಬಾಯಿಯ ಇದ್ದೊಬ್ಬ ಅಣ್ಣ ತೀರಿಕೊಂಡ ವರ್ಷ. ರೂಢಿ ತಪ್ಪಿಸಲಾಗದೆ ತಟ್ಟೆ ಹಚ್ಚಿಕೊಂಡು, ಆರತಿ ಎತ್ತಿಸಿಕೊಳ್ಳಲು ಯಾರೂ ಇಲ್ಲದೆ, ಚಾಳಿನಿಂದ ಹೊರಗೆ ಬಂದರೆ ಹಬ್ಬಕ್ಕೆ ಮುಚ್ಚಿದ್ದ ಗಿರಣಿಯ ಗೇಟಿನಲ್ಲಿ ಒಬ್ಬನೇ ವಾಚಮನ್. ಮರಾಠಿ ಸರಿಯಾಗಿ ಬಾರದ್ದಕ್ಕೆ ಎಲ್ಲರೂ ಗೇಲಿ ಮಾಡುತ್ತಿದ್ದ ಕಾನಡಿ ಮನುಷ್ಯ. ಅವನಿಗೇ ಆರತಿ ಎತ್ತಿದಳು.

"ಕಿಸೆ ತಡಕಿದ. ಕೊಡಲು ಏನೂ ಇರಲಿಲ್ಲ. ಆಗ ನಾನು ಅಂದೆ, ಕಣ್ಣು ಕೆಂಪಾಗಿದೆ, ಒಂದು ಗಳಿಗೆ ಮಲಗು, ನಾನು ಗೇಟು ಕಾಯುತ್ತೇನೆ ಅಂತ. ಸ್ಟೂಲಿನ ಮೇಲೆ ಕೂತಲ್ಲೇ ಮಲಗಿದ, ಮಗುವಿನ ಹಾಗೆ. ಎದ್ದ ಮೇಲೆ ಅತ್ತ. ಯುದ್ಧದಲ್ಲಿ ಇವನು ಮಲಗಿದ್ದಾಗ ಪಹರೆಯಲ್ಲಿದ್ದ ಜೊತೆಗಾರ ಹೋಗಿಬಿಟ್ಟನಂತೆ. ಆಮೇಲೆ ಯಾರನ್ನೂ ಕಾಯಿರಿ ಅನ್ನಲು ನಾಲಿಗೆ ಏಳುತ್ತಿರಲಿಲ್ಲವಂತೆ. ಗಿರಣಿ ಹೋಯಿತು, ಶುಕ್ರವಾರ ಉಳಿಯಿತು. ಬರುತ್ತಿದ್ದ, ಈ ಮಂಚದ ಮೇಲೆ ಎರಡು ತಾಸು ಮಲಗುತ್ತಿದ್ದ, ನಾನು ಬಾಗಿಲಲ್ಲಿ ಶೇಂಗಾ ಸುಲಿಯುತ್ತ ಕೂತಿರುತ್ತಿದ್ದೆ. ನನಗಿಂತ ಏಳು ವರ್ಷಕ್ಕೆ ದೊಡ್ಡವನು, ಆದರೂ ತಾಈ. ನಮ್ಮ ಮಾತಿನಲ್ಲಿ ಅವ್ವ ಅಂತ ಅರ್ಥ, ಎರಡೂ ನಡೀತದೆ ಅಂತ ನಗುತ್ತಿದ್ದ."

ಮಂಗೇಶ ಬಾಗಿಲ ಹೊರಗೆ ನಿಂತು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಪಂಚರನ್ನು ಕರೆಸಿ, ಕಂಬಳಿಯ ಅಂಚಿನ ಪಕ್ಕ ಧೋಂಡಿಬಾನ ಲಡಿಯನ್ನಿಟ್ಟು, ಎರಡೂ ಒಂದೇ ನೂಲು ಎಂದು ಜಪ್ತಿ ಪಂಚನಾಮೆ ಮಾಡಿದರು. ರೂಪಾಲಿ ದೊಡ್ಡ ಸಾಹೇಬರಿಗೆ ಫೋನ್ ಮಾಡಿದಳು. ಊರಲ್ಲಿ ಮಾಟದ ಗುಲ್ಲು ಅಡಗಬೇಕಾದರೆ ಆರೋಪಿ ಸಿಕ್ಕಿದ್ದು ಕಾಗದದ ಮೇಲೆ ಕಾಣಬೇಕು. ಬಂಧನ ತೋರಿಸಿ, ಠಾಣೆಯಲ್ಲೇ ಜಾಮೀನು ಕೊಡಿ ಎಂದರು. ಸೂರ್ಯ ಮುಳುಗಿದ ಮೇಲೆ ಹೆಂಗಸನ್ನು ಬಂಧಿಸುವಂತಿಲ್ಲ. ರೂಪಾಲಿ ಆಕಾಶ ನೋಡಿದಳು, ಗಡಿಯಾರ ನೋಡಿದಳು, ಮತ್ತೆ ಆಕಾಶ ನೋಡಿದಳು.

"ಖೋಲಿಗೆ ಬೀಗ ಹಾಕಿದ್ದು ಸರಿಯಾಗಿದೆಯೇ?" ಎಂದು ಸುನಂದಾಬಾಯಿಯನ್ನು ಕೇಳಿ, ತಾನೇ ಒಮ್ಮೆ ಎಳೆದು ನೋಡಿದಳು.

ತುಳಸವ್ವನನ್ನು ಅಮರ ಬೈಕಿನ ಮೇಲೆ ಠಾಣೆಗೆ ಕರೆತಂದಾಗ ನಾಲ್ಕೂಮುಕ್ಕಾಲು. ರೂಪಾಲಿ ಅವಳೊಬ್ಬಳನ್ನೇ ಠಾಣೆಯ ಹಿಂದಿನ ಕಟ್ಟೆಗೆ ಕರೆದೊಯ್ದು, ತಿಳಿದದ್ದನ್ನೆಲ್ಲ ತಡವರಿಸುವ ಕನ್ನಡದಲ್ಲಿ, ಒಂದು ಮಾತೂ ಹೆಚ್ಚು ಕಡಿಮೆ ಮಾಡದೆ ಹೇಳಿದಳು. ತಾಯಿ ಅಂದದ್ದು ತಾಈ ಎಂದು. ಶುಕ್ರವಾರ ಎಲ್ಲಿ ಎಂದು. ನಿದ್ದೆ ಎಲ್ಲಿ ಎಂದು.

"ಸುಳ್ಳ ಹೇಳಿದ್ದಿಲ್ಲ ಹಂಗಾದ್ರ," ಎಂದಳು ತುಳಸವ್ವ. ಎದ್ದು, ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು. ರೂಪಾಲಿ ಹಿಂದೆಯೇ ಓಡಿದಳು. ಅಳು ಬೀಳುತ್ತದೆಯೋ ಏಟು ಬೀಳುತ್ತದೆಯೋ ಗೊತ್ತಿರಲಿಲ್ಲ.

ಬೆಂಚಿನ ಮೇಲಿದ್ದ ಸುನಂದಾಬಾಯಿ ಎದ್ದು ನಿಂತಳು. ತುಳಸವ್ವ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಉಂಡಿ ಕಟ್ಟಾಕಿ ನೀವ ಏನ್ರಿ?"

"ಹೋ ವಹಿನಿ. ನಾನೇ."

"ಬೆಲ್ಲ ಕಡಿಮಿ ಹಾಕತಿದ್ರಿ." ತುಳಸವ್ವ ಒಂದು ಹೆಜ್ಜೆ ಮುಂದೆ ಬಂದಳು. "ನಲವತ್ತ ವರ್ಷ ಕಣ್ಣಿಗಿ ಒತ್ತಿಗೊಂಡು ತಿಂದೀನಿ. ದೇವೀ ಪ್ರಸಾದ, ಬೆಲ್ಲ ಕಡಿಮ್ಯಾತು ಅಂತ ಯಾರ ಮುಂದ ಹೇಳಲಿ?"

ಮಂಗೇಶ ಕೆಮ್ಮಿ ಗೋಡೆಯ ಕಡೆ ತಿರುಗಿದ. ಸುನಂದಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಖರೇನ ನಿದ್ದಿ ಮಾಡತಿದ್ರಾ?"

"ಮಾಡುತ್ತಿದ್ದ. ಗೊರಕೆ ಹೊಡೆಯುತ್ತಿದ್ದ."

"ಗೊರಕಿ?" ತುಳಸವ್ವ ಬೆಂಚಿನ ಮೇಲೆ ಕೂತಳು. "ನಾ ಒಂದ ದಿನಾನೂ ಕೇಳಿಲ್ಲವಾ. ಹೆಂಗ ಹೊಡೀತಿದ್ರು?"

ಸುನಂದಾಬಾಯಿ ಸುತ್ತ ನೋಡಿದಳು; ಸಮವಸ್ತ್ರಗಳು, ಕಡತದ ಕಪಾಟು, ಬಾಗಿಲಲ್ಲಿ ಬೋಳುತಲೆಯ ಮಗ. ಆಮೇಲೆ ಕಣ್ಣು ಮುಚ್ಚಿ ಗೊರಕೆ ಹೊಡೆದು ತೋರಿಸಿದಳು. ಮೊದಲು ಸಣ್ಣಗೆ, ನಡುವೆ ಒಂದು ತಡೆ, ಆಮೇಲೆ ಸೀಟಿಯ ಹಾಗೆ ಉದ್ದಕ್ಕೆ. ತುಳಸವ್ವ ನಕ್ಕಳು. ನಗುತ್ತಲೇ ಇದ್ದವಳು ಯಾವಾಗ ಅಳತೊಡಗಿದಳೆಂದು ಯಾರಿಗೂ ತಿಳಿಯಲಿಲ್ಲ.

ಸಾಯಂಕಾಲ ಐದೂಕಾಲಿಗೆ ಬಂಧನ ಪತ್ರ ಬರೆಯಬೇಕಾಯಿತು. ಬಂಧಿತರ ಸಂಬಂಧಿಕರಿಗೆ ಸುದ್ದಿ ಕೊಡುವುದು ಕಾನೂನು.

"ಸಂಬಂಧಿಕರ ಹೆಸರು?" ಮಂಗೇಶ ಕೇಳಿದ.

"ಯಾರೂ ಇಲ್ಲ," ಎಂದಳು ಸುನಂದಾಬಾಯಿ.

"ನಂದು ಬರಕೋರಿ," ಎಂದಳು ತುಳಸವ್ವ.

"ಅವ್ವಾರ, ನೀವು ಫಿರ್ಯಾದಿ ಕಡೆಯವರು."

"ಇದ್ದೀನಲ್ಲ, ಇರತೀನಿ. ಕಳವಾಗಿದ್ದೂ ನಮ್ಮನಿದು, ಕದ್ದಾಕೀನೂ ನಮ್ಮನಿಯಾಕಿ. ಗಂಡನ ತಂಗಿ ನನಗ ಏನಾಗಬೇಕು? ನಾದಿನಿ. ಬರಕೋರಿ." ಬಾಗಿಲ ಕಡೆ ತಿರುಗಿ, "ಅಮ್ಯಾ, ಸುಮ್ನ ಯಾಕ ನಿಂತಿ? ಅತ್ತಿ ಕಾಲಿಗೆ ಬೀಳು. ಆಮ್ಯಾಲೆ ಜಾಮೀನಿಗೆ ಸಹಿ ಹಾಕು," ಎಂದಳು.

ಅಮರ ಎರಡನ್ನೂ ಮಾಡಿದ. ಕಂಬಳಿ ಈಗ ಮುದ್ದೆಮಾಲು, ಜಪ್ತಿಯಾದ ವಸ್ತು; ಕೋರ್ಟಿನ ಹುಕುಂ ಆಗುವವರೆಗೆ ಠಾಣೆಯ ಕೋಣೆಯಲ್ಲೇ ಇರಬೇಕು. ಗುರುವಾರದ ದಿನಕ್ಕೆ ಅದು ಸಿಗುವುದಿಲ್ಲ ಎಂದು ರೂಪಾಲಿ ಅಳುಕುತ್ತಲೇ ಹೇಳಿದಳು.

"ಕಂಬಳಿ ಯಾವಾಗರೇ ಬರಲಿ. ಬರೋ ಹೊತ್ತಿಗೆ ನೀವ ಈಕಿ ಕೈಯಾಗ ಕೊಡ್ರಿ," ಎಂದಳು ತುಳಸವ್ವ. "ದಿನಕ್ಕ ಈಕಿ ಬರತಾಳ. ತಾಯಿಗೆ ಕೊಡ್ರಿ ಅಂದ್ರು ಅಂತ ನಾ ಊರ ಮುಂದ ಹೇಳತೇನಿ. ಬೆಲ್ಲ ಮಾತ್ರ ನಾ ಹಾಕತೇನಿ."

ಇಬ್ಬರೂ ಕೈ ಹಿಡಿದುಕೊಂಡು ಎಸ್‌ಟಿ ಸ್ಟ್ಯಾಂಡಿನ ಕಡೆ ನಡೆದರು. ಒಬ್ಬಳು ಕನ್ನಡದಲ್ಲಿ, ಇನ್ನೊಬ್ಬಳು ಮರಾಠಿಯಲ್ಲಿ ಮಾತಾಡುತ್ತಿದ್ದರು.

ಮುದ್ದೆಮಾಲು ಕೋಣೆಯಲ್ಲಿ ರೂಪಾಲಿ ಕಂಬಳಿಯ ಮಡಿಕೆಗಳ ನಡುವೆ ಬೇವಿನ ಎಲೆ ಇಟ್ಟಳು, ನುಸಿ ಹಿಡಿಯದಿರಲೆಂದು. ಬೀಗ ಹಾಕಿ, ತಿರುಗಿ ಬಂದು ಎಳೆದು ನೋಡಿದಳು. ಆಮೇಲೆ ಕೇಸ್ ಡೈರಿಯಲ್ಲಿ, ಅಪರಾಧದ ಉದ್ದೇಶ ಬರೆಯುವಲ್ಲಿ, ಬಹಳ ಹೊತ್ತು ಪದ ಹುಡುಕಿ ಇಷ್ಟು ಬರೆದಳು: "ಆರೋಪಿಗೆ ಕದಿಯುವ ಅಥವಾ ಯಾರ ಮನಸ್ಸನ್ನೂ ನೋಯಿಸುವ ಇಚ್ಛೆ ಇರಲಿಲ್ಲ. ಮೃತನು ತನಗೆ ಯಾರು ಎಂದು ಹೇಳಿದರೆ ನಂಬುವವರಿಲ್ಲ ಎಂಬ ಭಯದಿಂದ, ತನಗೆ ಕೊಟ್ಟದ್ದನ್ನು ಕೇಳದೆ ತೆಗೆದುಕೊಂಡರು."